ದಸರಾ ರಜೆಯಲ್ಲಿ ಒಂದು ವಾರ: ಮಾವನಿಗೆ ಕಲ್ಲು, ಮಕ್ಕಳಿಗೆ ಕಡಲು. ಕಲಬುರಗಿಯಿಂದ ಎಲ್ಲಿಗೆ ಹೋಗೋಣ?

ಬಿಸಿಲೂರ ಅಕ್ಕ
ಎಲ್ಲರಿಗೂ ನಮಸ್ಕಾರ. ದಸರಾ ರಜೆಯಲ್ಲಿ ಒಂದು ವಾರ ಹೊರಗೆ ಹೋಗುವುದು ಅಂತ ಮನೆಯಲ್ಲಿ ಪಕ್ಕಾ ಆಗಿದೆ. ಎಲ್ಲಿಗೆ ಅನ್ನುವುದೊಂದೇ ಬಾಕಿ. ಜಗಳ ಇರುವುದೂ ಅದಕ್ಕೇ.

ನಾವು ಆರು ಜನ. ನಾನು, ನಮ್ಮ ಯಜಮಾನರು, ಇಬ್ಬರು ಮಕ್ಕಳು, ಅತ್ತೆ, ಮಾವ. ಮಾವ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ರಿಟೈರ್ ಆದವರು. ಹಳೇ ಗುಡಿ, ಶಾಸನ ಇಲ್ಲದ ಊರಿಗೆ ಕರೆದರೆ "ನೀವು ಹೋಗಿ ಬರ್ರಿ, ನಾನು ಮನೆ ಕಾಯ್ತೀನಿ" ಅನ್ನುತ್ತಾರೆ. ಮಕ್ಕಳು ಇವತ್ತಿನವರೆಗೆ ಸಮುದ್ರ ನೋಡಿಲ್ಲ. ಅತ್ತೆಗೆ ಮಂಡಿ ನೋವು, ಮೆಟ್ಟಿಲು ಆಗುವುದಿಲ್ಲ. ನನ್ನ ಆಸೆ ಸಣ್ಣದು: ಎರಡು ಮೂರು ದಿನ ಒಳ್ಳೆ ರೆಸಾರ್ಟಿನಲ್ಲಿ ಯಾರೋ ಮಾಡಿದ ಅಡುಗೆ ಉಂಡು ಸುಮ್ನೆ ಕೂರಬೇಕು.

ಸದ್ಯದ ಪ್ಲಾನ್: ಮೊದಲು ಹಂಪಿ, ಆಮೇಲೆ ಬಾದಾಮಿ, ಕೊನೆಗೆ ಗೋವಾ. ಯಜಮಾನರಿಗೆ ಒಂದು ವಾರಕ್ಕಿಂತ ಜಾಸ್ತಿ ರಜೆ ಸಿಗುವುದಿಲ್ಲ. ಇದು ಆಗುತ್ತದಾ? ಹೋಗಿ ಬಂದವರು ಹೇಳಿ.

ಶಹಾಪುರ ಸ್ಟ್ಯಾಂಡ್
ಅಕ್ಕಾರ, ಆಗುತ್ತದೆ. ಆದರೆ ವಾರದ ಅರ್ಧ ಕಾರಿನಲ್ಲೇ ಹೋಗುತ್ತದೆ. ಹಂಪಿಯನ್ನು ನೆಟ್ಟಗೆ ನೋಡಲು ಎರಡು ದಿನ ಪೂರ್ತಿ ಬೇಕು. ವಿಠ್ಠಲ ಗುಡಿ ಒಂದು ಕಡೆ, ಕಮಲ ಮಹಲು ಇನ್ನೊಂದು ಕಡೆ, ನಡುವೆ ಬಂಡೆಯ ಬಿಸಿಲು. ದಸರಾ ರಜೆಯಲ್ಲಿ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮಂಡಿ ನೋವಿನವರಿಗೆ ಭಾಳ ಕಷ್ಟ.

ಹಂಪಿ, ಬಾದಾಮಿ ಎರಡರಲ್ಲಿ ಒಂದನ್ನು ಬಿಡಿ. ಎರಡೂ ಬೇಕು ಅಂದರೆ ಸಮುದ್ರ ಬಿಡಿ.

ನಿಮ್ಮ ಕಡೆ ಕಾರು ಇಲ್ಲದಿದ್ದರೆ ಇನ್ನೊಂದು ಮಾತು. ನಮ್ಮ ರಾಜ್ಯದೊಳಗೆ ಸಾದಾ ಬಸ್ಸು, ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ಶಕ್ತಿ ಯೋಜನೆ. ಸ್ಲೀಪರ್, ಎಸಿ ಬಸ್ಸಿಗೆ ಅದು ಇಲ್ಲ. ಗೋವಾ ಗಡಿ ದಾಟಿದರೂ ಇಲ್ಲ.

ವಾಡಿ ಜಂಕ್ಷನ್
ಎಲ್ಲರೂ ಹಂಪಿ, ಗೋವಾ ಅಂತ ಒಂದೇ ಹಾಡು ಯಾಕೆ ಹಾಡುತ್ತೀರಿ? ಕಲಬುರಗಿ ಸ್ಟೇಷನ್ನಿನಲ್ಲಿ ದಿನಾ ಒಂದು ರೈಲು ನಿಲ್ಲುತ್ತದೆ. ಹೆಸರೇ ಕೋಣಾರ್ಕ್ ಎಕ್ಸ್‌ಪ್ರೆಸ್. ಮುಂಬೈಯಿಂದ ಬಂದು, ನಮ್ಮ ವಾಡಿ ಮೇಲೆ ಸಿಕಂದರಾಬಾದ್, ವಿಜಯವಾಡ, ವಿಶಾಖಪಟ್ಟಣ ಹಾದು ಭುವನೇಶ್ವರಕ್ಕೆ ಹೋಗುತ್ತದೆ. ಎಲ್ಲೂ ರೈಲು ಬದಲಿಸುವ ಗೋಜಿಲ್ಲ. ನಮ್ಮ ಜನ ಅದರಲ್ಲಿ ಸಿಕಂದರಾಬಾದಿನವರೆಗೆ ಹೋಗಿ ಇಳಿದುಬಿಡುತ್ತಾರೆ.

ಭುವನೇಶ್ವರದಿಂದ ಕೋಣಾರ್ಕ್ ಸುಮಾರು 65 ಕಿಲೋಮೀಟರ್. ಅಲ್ಲಿಂದ ಪುರಿ 35 ಕಿಲೋಮೀಟರ್, ಅದೂ ಸಮುದ್ರದ ಬದಿಯ ರಸ್ತೆ. 13ನೇ ಶತಮಾನದ ಸೂರ್ಯ ದೇವಾಲಯ, ಪೂರ್ವ ಗಂಗ ವಂಶದ ಮೊದಲನೇ ನರಸಿಂಹದೇವ ಕಟ್ಟಿಸಿದ್ದು. ಗುಡಿಯೇ ಒಂದು ರಥ: 24 ಗಾಲಿ, 7 ಕುದುರೆ. ಅಲ್ಲಿಂದ ಸ್ವಲ್ಪ ದೂರಕ್ಕೆ ಚಂದ್ರಭಾಗಾ ಬೀಚು. ಬೆಳಿಗ್ಗೆ ಕಲ್ಲು, ಮಧ್ಯಾಹ್ನ ಕಡಲು. ನೀವು ಕೇಳಿದ್ದು ಇದನ್ನೇ ಅಲ್ವಾ?

ಸುಮ್ನೆ ಓದುವವ
ರೈಲು ಎಷ್ಟು ಹೊತ್ತು ಅಂತ ಬೇಕಂತಲೇ ಹೇಳಲಿಲ್ಲ ನೋಡಿ ಇವರು.

ವಾಡಿ ಜಂಕ್ಷನ್
ಒಂದು ದಿನಕ್ಕಿಂತ ಸ್ವಲ್ಪ ಜಾಸ್ತಿ. ಮುಚ್ಚಿಡುವಂಥದ್ದೇನೂ ಇಲ್ಲ. ರೈಲಿನಲ್ಲಿ ಮಲಗಬಹುದು, ಓಡಾಡಬಹುದು, ಮನೆಯಿಂದ ಕಟ್ಟಿಕೊಂಡ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಬಹುದು. ಕಾರಿನಲ್ಲಿ ಮಂಡಿ ಮಡಚಿಕೊಂಡು ಕೂರುವುದಕ್ಕಿಂತ ನಿಮ್ಮ ಅತ್ತೆಗೆ ಇದೇ ಆರಾಮ.

ಚಿತ್ತಾಪುರದ ಮಾಸ್ತರ
ತಂಗೀ, ಮೊದಲಿಗೆ ಒಂದು ಪ್ರಶ್ನೆ. ನಿಮ್ಮ ಮಾವನವರು ಮಕ್ಕಳಿಗೆ ಮಳಖೇಡ ತೋರಿಸಿದ್ದಾರೋ ಇಲ್ಲವೋ? ರಾಷ್ಟ್ರಕೂಟರ ರಾಜಧಾನಿ ಕಾಗಿಣಾ ದಂಡೆಯ ಮೇಲೆ ಮಗ್ಗಲಲ್ಲೇ ಇದೆ. ಕಲಬುರಗಿ ಕೋಟೆಯೊಳಗಿನ 1367ರ ಜಾಮಿ ಮಸೀದಿಗೆ ನಡುವೆ ಅಂಗಳವೇ ಇಲ್ಲ, ಇಡೀ ಮಸೀದಿಗೆ ಗುಮ್ಮಟದ ಚಾವಣಿ. ಅಂಥದ್ದು ನಮ್ಮ ದೇಶದಲ್ಲಿ ಭಾಳ ಅಪರೂಪ. ಬೈಯುತ್ತಿಲ್ಲ, ಇತಿಹಾಸದ ಮಾಸ್ತರರ ಮೊಮ್ಮಕ್ಕಳು ಅಂತ ಕೇಳಿದೆ.

ಈಗ ವಿಷಯಕ್ಕೆ ಬರುತ್ತೇನೆ. ವಾಡಿಯವರು ಕೋಣಾರ್ಕ್ ಅಂದರು. ನಾನು ಅದೇ ದಾರಿಯಲ್ಲಿ ಇನ್ನೊಂದು ಊರು ಹೇಳುತ್ತೇನೆ: ಧೌಲಿ. ಭುವನೇಶ್ವರದ ಹೊರವಲಯ. ಕಳಿಂಗ ಯುದ್ಧದ ನೆಲ ಅಂತ ಹೇಳುವ ಜಾಗ. ಬಂಡೆಯಿಂದ ಆನೆಯ ಮುಂಭಾಗ ಹೊರಬಂದಂತೆ ಕಡೆದಿದ್ದಾರೆ, ಅದರ ಕೆಳಗೆ ಅಶೋಕನ ಶಾಸನ.

ಕಲಬುರಗಿಯವರು ಅಷ್ಟು ದೂರ ಹೋಗಿ ಅದನ್ನು ಯಾಕೆ ನೋಡಬೇಕು? ನಮ್ಮ ಚಿತ್ತಾಪುರ ತಾಲೂಕಿನ ಸನ್ನತಿಯಿಂದಾಗಿ. ಭೀಮಾ ದಂಡೆಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಕಾ ಗುಡಿ ಇದೆ. 1980ರ ದಶಕದಲ್ಲಿ ಅದರ ಚಾವಣಿ ಕುಸಿಯಿತು. ಆಗ ಮೂರ್ತಿಯ ಪೀಠಕ್ಕೆ ಹಾಕಿದ್ದ ಕಲ್ಲಿನ ಮೇಲೆ ಬ್ರಾಹ್ಮಿ ಅಕ್ಷರ ಕಂಡವು. ಓದಿದರೆ ಅಶೋಕನ ಶಾಸನ. ಅದರಲ್ಲಿ ಎರಡು 'ಪ್ರತ್ಯೇಕ ಶಾಸನ'ಗಳು ಇವೆ. ಅವು ಅಲ್ಲಿಯವರೆಗೆ ಎರಡೇ ಕಡೆ ಸಿಕ್ಕಿದ್ದವು, ಧೌಲಿ ಮತ್ತು ಜೌಗಡ. ಎರಡೂ ಒಡಿಶಾದಲ್ಲಿ. ಎಲ್ಲ ಜನರೂ ನನ್ನ ಮಕ್ಕಳು ಅಂತ ಅಶೋಕ ಹೇಳಿಸಿದ್ದು ಆ ಶಾಸನದಲ್ಲೇ. ಯುದ್ಧದ ಕಥೆ ಹೇಳುವ 13ನೇ ಶಾಸನವನ್ನು ಕಳಿಂಗದಲ್ಲಿ ಹಾಕಿಸದೆ, ಅದರ ಬದಲು ಅಧಿಕಾರಿಗಳಿಗೆ 'ಜನರನ್ನು ಹಿಂಸಿಸಬೇಡಿ' ಅನ್ನುವ ಈ ಮಾತು ಹಾಕಿಸಿದ. ಅದೇ ಮಾತು ನಮ್ಮ ಭೀಮಾ ದಂಡೆಗೆ ಯಾಕೆ ಬಂತು? ತಲೆ ಕೆಡಿಸುವ ಪ್ರಶ್ನೆ.

ಸನ್ನತಿಯ ಪಕ್ಕದ ಕನಗನಹಳ್ಳಿ ಸ್ತೂಪದಲ್ಲಿ 'ರಾಯ ಅಸೋಕ' ಅಂತ ಹೆಸರು ಕೊರೆದ ಶಿಲ್ಪವೂ ಸಿಕ್ಕಿದೆ. ನಿಮ್ಮ ಮಾವನವರಿಗೆ ಇದನ್ನು ಓದಿ ಹೇಳಿ. ಗೋವಾ ಅನ್ನುವ ಮಾತು ಬಾಯಿಗೆ ಬರುವುದಿಲ್ಲ.

ಬಿಸಿಲೂರ ಅಕ್ಕ
ಸರ್, ಓದಿ ಹೇಳಿದೆ. ಈಗ ಮನೆಯಲ್ಲಿ ಬೇರೆಯೇ ಜಗಳ. ಮಾವ ಹಳೇ ಪುಸ್ತಕದ ಪೆಟ್ಟಿಗೆ ತೆಗೆಸಿದ್ದಾರೆ. "ಇಷ್ಟು ವರ್ಷ ಸನ್ನತಿ ಕಲಿಸಿದೆ, ಧೌಲಿ ನೋಡಿಲ್ಲ" ಅಂತ ಕೂತಿದ್ದಾರೆ. ಯಜಮಾನರು ಮಾತ್ರ ಹೋಗಲು ಒಂದು ದಿನ, ಬರಲು ಒಂದು ದಿನ ರೈಲಿನಲ್ಲೇ ಕಳೆದರೆ ವಾರದಲ್ಲಿ ಏನು ಉಳಿಯುತ್ತದೆ ಅನ್ನುತ್ತಾರೆ. ಮಳಖೇಡ ಮಕ್ಕಳು ನೋಡಿದ್ದಾರೆ ಸರ್, ಕೋಟೆ ಮಸೀದಿ ನೋಡಿಲ್ಲ. ಈ ಭಾನುವಾರ ಕರೆದುಕೊಂಡು ಹೋಗುತ್ತೇನೆ.

ಯಾದಗಿರಿ ಕೋಟೆ
ಪೂರ್ವ ಕರಾವಳಿಗೇ ಹೋಗುವುದಾದರೆ ಮಹಾಬಲಿಪುರ ಯಾಕಾಗಬಾರದು? ಕಲಬುರಗಿ, ಯಾದಗಿರಿ ಮೇಲೆ ಚೆನ್ನೈಗೆ ನೇರ ರೈಲುಗಳಿವೆ, ಭುವನೇಶ್ವರದ ಅರ್ಧ ದೂರ. ಚೆನ್ನೈಯಿಂದ ಮಹಾಬಲಿಪುರ 60 ಕಿಲೋಮೀಟರ್ ಒಳಗೆ. ಆ ದಾರಿಯುದ್ದಕ್ಕೂ ಸಮುದ್ರಕ್ಕೆ ಮುಖ ಮಾಡಿದ ರೆಸಾರ್ಟುಗಳು.

ಪಲ್ಲವರ ಕಡಲ ಗುಡಿಯ ಗೋಡೆಯ ಹಿಂದೆಯೇ ಅಲೆ ಒಡೆಯುತ್ತದೆ. ಐದು ರಥಗಳನ್ನು ಒಂದೊಂದೇ ಬಂಡೆಯಲ್ಲಿ ಕಡೆದಿದ್ದಾರೆ. ಅತ್ತೆಯವರಿಗೆ ಮೆಟ್ಟಿಲಿನ ತೊಂದರೆ ಕಮ್ಮಿ, ಎಲ್ಲವೂ ಹೆಚ್ಚು ಕಡಿಮೆ ಸಪಾಟು ನೆಲದಲ್ಲಿವೆ. ದೊಡ್ಡ ಬಂಡೆಯ ಮೇಲಿನ ಗಂಗಾವತರಣದಲ್ಲಿ ತಪಸ್ಸು ಮಾಡುವ ಬೆಕ್ಕು ಇದೆ, ಅದರ ಕಾಲಡಿ ಇಲಿಗಳು. ನಿಮ್ಮ ಚಿಕ್ಕ ಮಗುವಿಗೆ ಅದನ್ನು ಹುಡುಕಲು ಹೇಳಿ, ಅರ್ಧ ಗಂಟೆ ಆರಾಮಾಗಿ ಕಳೆಯುತ್ತದೆ.

ಕಡಲತಡಿಯ ಸೊಸೆ
ನಾನು ಆಳಂದ ಕಡೆಯವಳು, ಮದುವೆಯಾಗಿ ಕುಮಟಾದಲ್ಲಿದ್ದೇನೆ. ಇಷ್ಟೊತ್ತು ಓದುತ್ತಿದ್ದೆ, ಈಗ ತಡೆಯಲು ಆಗಲಿಲ್ಲ. ಅಕ್ಕ ಕೇಳಿದ್ದು ದಸರಾಕ್ಕೆ! ಅಂದರೆ ಅಕ್ಟೋಬರ್. ಅಕ್ಟೋಬರಿನಲ್ಲಿ ಪೂರ್ವದ ಕಡಲು ಹೇಗಿರುತ್ತದೆ ಅಂತ ಯಾರಾದರೂ ಯೋಚಿಸಿದಿರಾ?

ನಮ್ಮ ಕಡೆ ಮಳೆ ಮುಗಿಯುವ ಹೊತ್ತಿಗೆ ಅಲ್ಲಿ ಶುರುವಾಗುತ್ತದೆ. ಚೆನ್ನೈಗೆ ಹಿಂಗಾರು ಮಳೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಒಡಿಶಾಕ್ಕೆ ಚಂಡಮಾರುತದ ತಿಂಗಳು ಅದು. 2013ರ ಫೈಲಿನ್ ಅಕ್ಟೋಬರಿನಲ್ಲೇ ಬಂತು, 2024ರ ದಾನಾ ಕೂಡ. ಪ್ರತಿ ವರ್ಷ ಬರುತ್ತದೆ ಅಂತಲ್ಲ. ಆದರೆ ರೆಸಾರ್ಟಿಗೆ ದುಡ್ಡು ಕಟ್ಟಿ, ರೈಲು ರದ್ದಾಗಿ ಮಕ್ಕಳು ಅಳುತ್ತಾ ಕೂತರೆ?

ವಾಡಿ ಜಂಕ್ಷನ್
ಈ ಮಾತಿಗೆ ನನ್ನ ಬಳಿ ಉತ್ತರ ಇಲ್ಲ. ಡಿಸೆಂಬರ್ ಕೊನೆಗೆ ಅಥವಾ ಜನವರಿಗೆ ಹೋಗಲಿ ಅನ್ನಬಹುದು, ಅಷ್ಟೇ. ಕ್ರಿಸ್‌ಮಸ್ ವಾರದಲ್ಲಿ ಬಂಗಾಳದ ಜನವೆಲ್ಲ ಪುರಿಯಲ್ಲೇ ಇರುತ್ತಾರೆ, ರೂಮು ಸಿಗುವುದು ಕಷ್ಟ. ಜನವರಿ ಛಲೋ.

ಬಿಸಿಲೂರ ಅಕ್ಕ
ಜನವರಿಯಲ್ಲಿ ಮಕ್ಕಳಿಗೆ ರಜೆ ಇಲ್ಲ, ಯಜಮಾನರಿಗೂ ಇಲ್ಲ. ಅಕ್ಟೋಬರ್ ಬಿಟ್ಟರೆ ಮತ್ತೆ ಬೇಸಿಗೆ. ಬೇಸಿಗೆಯಲ್ಲಿ ಕಲ್ಲು ನೋಡುವುದು ಅಂದರೆ ಮಾವನೇ ಬೇಡ ಅನ್ನುತ್ತಾರೆ.

ಬೀದರ್ ಟು ದುಬೈ
ಅಕ್ಕ, ದೊಡ್ಡದಾಗಿ ಯೋಚಿಸಿ. ಈಜಿಪ್ಟ್! ನಾನು ಇಲ್ಲಿಂದ ಗೆಳೆಯರ ಜೊತೆ ಹೋಗಿದ್ದೆ. ಲಕ್ಸರ್‌ನಲ್ಲಿ ಕಾರ್ನಾಕ್ ದೇವಾಲಯದ ಕಂಬಗಳು, ನೈಲ್ ನದಿ ದಾಟಿದರೆ ರಾಜರ ಕಣಿವೆ, 1922ರಲ್ಲಿ ಸಿಕ್ಕ ಟುಟಂಖಾಮನ್ ಸಮಾಧಿ ಅಲ್ಲೇ. ನೋಡಿ ಮುಗಿಸಿ ರಸ್ತೆಯಲ್ಲಿ ನಾಲ್ಕು ಗಂಟೆ ಹೋದರೆ ಹುರ್ಘಾಡಾ, ಕೆಂಪು ಸಮುದ್ರ. ಅಲ್ಲಿನ ರೆಸಾರ್ಟುಗಳಲ್ಲಿ ಊಟ, ತಿಂಡಿ, ಕುಡಿಯುವುದು ಎಲ್ಲ ಬಾಡಿಗೆಯಲ್ಲೇ ಸೇರಿರುತ್ತದೆ. ತಿಳಿ ನೀರು, ಮುಖಕ್ಕೆ ಗಾಜು ಕಟ್ಟಿಕೊಂಡು ತಲೆ ಮುಳುಗಿಸಿದರೆ ಹವಳ, ಬಣ್ಣದ ಮೀನು. ಬರಿಗಾಲಲ್ಲಿ ಇಳಿಯಬಾರದು, ಹವಳ ಕೊಯ್ಯುತ್ತದೆ.

ಬಿಸಿಲೂರ ಅಕ್ಕ
ತಮ್ಮಾ, ನಮ್ಮ ಮನೆಯಲ್ಲಿ ಒಬ್ಬರಿಗೂ ಪಾಸ್‌ಪೋರ್ಟ್ ಇಲ್ಲ. ಆದರೂ ಓದಿ ಖುಷಿ ಆಯಿತು.

ಬೀದರ್ ಟು ದುಬೈ
ಹಾಗಿದ್ದರೆ ಅಲ್ಲಿ ಕಲಿತ ಒಂದು ಮಾತು ಮಾತ್ರ ಇಟ್ಟುಕೊಳ್ಳಿ. ಕಲ್ಲು ಮೊದಲು, ಕಡಲು ಆಮೇಲೆ. ಉಲ್ಟಾ ಮಾಡಬೇಡಿ. ನಮ್ಮ ಜೊತೆ ಬಂದ ಒಂದು ಕುಟುಂಬ ಮೊದಲು ಸಮುದ್ರಕ್ಕೆ ಹೋಗಿತ್ತು. ಆಮೇಲೆ ಲಕ್ಸರ್‌ನಲ್ಲಿ ಅವರ ಮಕ್ಕಳು ಯಾವ ಗುಡಿಗೂ ಒಳಗೆ ಬರಲಿಲ್ಲ. "ವಾಪಸ್ ನೀರಿಗೆ ಹೋಗೋಣ" ಅಂತ ಒಂದೇ ಹಟ.

ಬಸವಕಲ್ಯಾಣದ ಹುಡುಗ
ಮುಂಬೈ ಕಡೆಯೂ ಒಂದು ದಾರಿ ಇದೆ. ಕಲಬುರಗಿಯಿಂದ ಒಂದು ರಾತ್ರಿಯ ರೈಲು. ಗೇಟ್‌ವೇ ಹತ್ತಿರ ದೋಣಿ ಹತ್ತಿ ಎಲಿಫೆಂಟಾ ಗುಹೆ ನೋಡಿ, ಸೋಮವಾರ ಮಾತ್ರ ಬಾಗಿಲು ಹಾಕಿರುತ್ತದೆ. ಮತ್ತೆ ಅಲ್ಲಿಂದಲೇ ದೋಣಿಯಲ್ಲಿ ಅಲಿಬಾಗ್ ಕಡೆಗೆ. ಅಲಿಬಾಗ್‌ನ ಕೊಲಾಬಾ ಕೋಟೆಗೆ ಇಳಿತದ ಹೊತ್ತಿನಲ್ಲಿ ನಡೆದೇ ಹೋಗಬಹುದು. ಮುಂದೆ ಮುರುಡ್ ಹತ್ತಿರ ಜಂಜೀರಾ, ನಾಲ್ಕೂ ಕಡೆ ನೀರಿರುವ ಕೋಟೆ. ಮಕ್ಕಳಿಗೆ ದೋಣಿ ಪ್ರಯಾಣವೇ ಹಬ್ಬ.

ಶಹಾಪುರ ಸ್ಟ್ಯಾಂಡ್
ಎಲಿಫೆಂಟಾಕ್ಕೆ ಮೆಟ್ಟಿಲು ಭಾಳ. ಜಂಜೀರಾದಲ್ಲಿ ದೋಣಿ ಹತ್ತಿ ಇಳಿಯುವುದೇ ಕಷ್ಟ. ಅಕ್ಕನ ಅತ್ತೆಯವರ ಮಂಡಿ ಯಾರಿಗೂ ನೆನಪಿಲ್ಲವಾ?

ಕಡಲತಡಿಯ ಸೊಸೆ
ನಾನು ಪೂರ್ತಿ ದಾರಿ ಬರೆಯುತ್ತೇನೆ. ಊರ ಮನೆಗೆ ಹೋಗಿ ಬರುವ ದಾರಿ ಇದೇ, ರಾಜ್ಯದ ಗಡಿ ದಾಟುವುದೇ ಬೇಡ.

ಕಲಬುರಗಿಯಿಂದ ಬೆಳಿಗ್ಗೆ ಬೇಗ ಬಿಡಿ. ಜೇವರ್ಗಿ, ಸಿಂದಗಿ ಮೇಲೆ ವಿಜಯಪುರ. ಗೋಲ ಗುಮ್ಮಟ ನೋಡಿ ಅಲ್ಲೇ ಊಟ. ಮೇಲೆ ಹತ್ತುವವರು ಹತ್ತಲಿ, ಅತ್ತೆಯವರು ಕೆಳಗೆ ಹುಲ್ಲಿನ ಮೇಲೆ ಕೂರಲಿ. ಪಿಸುಗುಟ್ಟಿದ್ದು ಕೇಳುವ ಗ್ಯಾಲರಿ ಮಕ್ಕಳು ಇರುವ ಹೊತ್ತಿನಲ್ಲಿ ಸಂತೆ, ಎಲ್ಲರೂ ಕೂಗುತ್ತಾರೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಸಂಜೆಗೆ ಬಾದಾಮಿ. ಎರಡು ರಾತ್ರಿ ಅಲ್ಲೇ ಇರಿ.

ಮಧ್ಯದ ದಿನ ಬೆಳಿಗ್ಗೆ ಪಟ್ಟದಕಲ್ಲು, ಐಹೊಳೆ. ಬಾದಾಮಿಯಿಂದ ಪಟ್ಟದಕಲ್ಲಿಗೆ 22 ಕಿಲೋಮೀಟರ್, ಅಲ್ಲಿಂದ ಐಹೊಳೆ ಇನ್ನೂ ಹತ್ತಿರ. ಪಟ್ಟದಕಲ್ಲು ಪೂರ್ತಿ ಸಪಾಟು, ಗುಡಿಗಳ ನಡುವೆ ಹುಲ್ಲುಹಾಸು. ಮಂಡಿಯವರಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಐಹೊಳೆಯಲ್ಲೂ ದುರ್ಗ ಗುಡಿಯ ಕಡೆ ಕಷ್ಟ ಇಲ್ಲ, ಮೇಗುತಿ ಗುಡ್ಡ ಮಾತ್ರ ಹತ್ತಬೇಕು. ಮಧ್ಯಾಹ್ನ ಬನಶಂಕರಿಗೆ ಬನ್ನಿ. ಗುಡಿಯ ಹೊರಗೆ ಅಮ್ಮಂದಿರು ಬುಟ್ಟಿಯಲ್ಲಿ ರೊಟ್ಟಿ, ಕಾಳು ಪಲ್ಯ, ಕೆಂಪು ಚಟ್ನಿ, ಗಟ್ಟಿ ಮೊಸರು ತಂದು ಮಾರುತ್ತಾರೆ. ಹೋಟೆಲ್ ಹುಡುಕಬೇಡಿ, ಅದನ್ನೇ ಉಣ್ಣಿ. ಇನ್ನು ಮುಂದೆ ಕರಾವಳಿಯಲ್ಲಿ ಜೋಳದ ರೊಟ್ಟಿ ಸಿಗುವುದಿಲ್ಲ.

ಮೇಣಬಸದಿಗಳಿಗೆ, ಅಂದರೆ ಬಾದಾಮಿಯ ಗುಹೆ ಗುಡಿಗಳಿಗೆ, ಸಂಜೆ ಹೋಗಿ. ಅತ್ತೆಯವರು ಮೊದಲನೇ ಗುಹೆಯವರೆಗೆ ನಿಧಾನ ಬರಬಹುದು, ನಟರಾಜ ಇರುವುದೇ ಅಲ್ಲಿ. ತಿಂಡಿಯ ಕವರು ಕೈಯಲ್ಲಿ ಹಿಡಿಯಬೇಡಿ. ಕೋತಿಗಳು ನಿಮ್ಮನ್ನು ಕೇಳಿ ತೆಗೆದುಕೊಳ್ಳುವುದಿಲ್ಲ.

ಚಿತ್ತಾಪುರದ ಮಾಸ್ತರ
ಈ ದಾರಿಯೂ ಕಳಪೆ ಏನಲ್ಲ. ಬಾದಾಮಿಯ ಮೂರನೇ ಗುಹೆಯಲ್ಲಿ ಚಾಲುಕ್ಯರ ಮಂಗಳೇಶನ ಶಾಸನ ಇದೆ, ಶಕ 500, ಅಂದರೆ ಕ್ರಿಸ್ತಶಕ 578. ಕಾಲ ಖಚಿತವಾಗಿ ಗೊತ್ತಿರುವ ಗುಹೆ ಗುಡಿ ಅದು. ಐಹೊಳೆಯ ಮೇಗುತಿಯಲ್ಲಿ 634ರ ರವಿಕೀರ್ತಿಯ ಶಾಸನ. ಇಮ್ಮಡಿ ಪುಲಿಕೇಶಿ ಹರ್ಷನನ್ನು ಸೋಲಿಸಿದ್ದನ್ನು ಹೊಗಳಿದ್ದು.

ಯಾದಗಿರಿಯವರು ಪಲ್ಲವರ ಮಾತೆತ್ತಿದರಲ್ಲ. ಬಾದಾಮಿಯಲ್ಲೂ ಪಲ್ಲವರ ಶಾಸನ ಇದೆ. 642ರಲ್ಲಿ ಮೊದಲನೇ ನರಸಿಂಹವರ್ಮ ಬಾದಾಮಿಯನ್ನು ಗೆದ್ದು ಬಂಡೆಯ ಮೇಲೆ ಬರೆಸಿ ಹೋದ. ಮಾಮಲ್ಲ ಅವನದೇ ಬಿರುದು, ಮಾಮಲ್ಲಪುರ, ಅಂದರೆ ಮಹಾಬಲಿಪುರ, ಅವನದೇ ಊರು. ಸುಮಾರು ನೂರು ವರ್ಷದ ಮೇಲೆ ಚಾಲುಕ್ಯರ ಎರಡನೇ ವಿಕ್ರಮಾದಿತ್ಯ ಪಲ್ಲವರ ರಾಜಧಾನಿ ಕಂಚಿಗೆ ಹೋಗಿ ಗೆದ್ದ. ಊರು ಸುಡಲಿಲ್ಲ, ಗುಡಿಯ ಸಂಪತ್ತು ಮುಟ್ಟಲಿಲ್ಲ, ಅದನ್ನು ಕಂಚಿಯ ಕೈಲಾಸನಾಥ ಗುಡಿಯಲ್ಲಿ ಕನ್ನಡದಲ್ಲಿ ಬರೆಸಿದ. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ಗುಡಿ ಕಟ್ಟಿಸಿದಳು. ಮಕ್ಕಳಿಗೆ ಈ ಕಥೆ ಮೊದಲೇ ಹೇಳಿ ಕರೆದುಕೊಂಡು ಹೋಗಿ. ಆಗ ಅವರಿಗೆ ಅದು ಬರೀ ಕಂಬ ಅನ್ನಿಸುವುದಿಲ್ಲ.

ಕಡಲತಡಿಯ ಸೊಸೆ
ಮಾಸ್ತರೇ, ನೀವೇ ಅವರ ಜೊತೆ ಹೋಗಿಬಿಡಿ.

ಮುಂದೆ ಬರೆಯುತ್ತೇನೆ. ಬಾದಾಮಿಯಿಂದ ಹುಬ್ಬಳ್ಳಿ, ಅಲ್ಲಿಂದ ಎರಡು ದಾರಿ. ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ. ಇಲ್ಲವೇ ಶಿರಸಿ, ದೇವಿಮನೆ ಘಟ್ಟ ಇಳಿದು ಕುಮಟಾ. ಶಿರಸಿ ದಾರಿಯಲ್ಲಿ ಕಾಡು ಚಂದ. ಬೇಕಿದ್ದರೆ ಬನವಾಸಿಗೆ ತಿರುಗಬಹುದು, ಕದಂಬರ ಮಧುಕೇಶ್ವರ. ಆದರೆ ದೇವಿಮನೆ ಘಟ್ಟದಲ್ಲಿ ರಸ್ತೆ ಅಗಲ ಮಾಡುವ ಕೆಲಸ ವರ್ಷಗಟ್ಟಲೆ ಎಳೆದಿದೆ. ಶಿರಸಿಯಲ್ಲಿ ಯಾರನ್ನಾದರೂ ಕೇಳಿಯೇ ಮುಂದೆ ಹೋಗಿ. ಮಳೆಗಾಲ ಆಗಷ್ಟೇ ಮುಗಿದಿರುತ್ತದೆ, ರಾತ್ರಿ ಘಟ್ಟ ಇಳಿಯಬೇಡಿ. ಬಿಸಿಲೂರಿನವರಿಗೆ ಘಟ್ಟದ ತಿರುವು ರೂಢಿ ಇಲ್ಲ, ಮಕ್ಕಳಿಗೆ ವಾಂತಿ ಗ್ಯಾರಂಟಿ. ಗುಳಿಗೆ ಮೊದಲೇ ಕೊಡಿ.

ಎಲ್ಲಿ ಉಳಿಯುವುದು? ಎಲ್ಲರೂ ಗೋಕರ್ಣ, ಮುರುಡೇಶ್ವರ ಅನ್ನುತ್ತಾರೆ. ರಜೆಯಲ್ಲಿ ಎರಡೂ ಜಾತ್ರೆ. ನನ್ನ ಮಾತು ಕೇಳಿದರೆ ಹೊನ್ನಾವರ. ಶರಾವತಿ ಕಡಲು ಸೇರುವ ಜಾಗ. ಹೊಳೆಯ ಆಚೆ ಕಾಸರಕೋಡು ಬೀಚಿಗೆ ಸ್ವಚ್ಛ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ. ಸ್ವಚ್ಛ ಇದೆ, ಬಟ್ಟೆ ಬದಲಿಸಲು ಜಾಗ ಇದೆ, ಸ್ನಾನಕ್ಕೆ ಗುರುತು ಹಾಕಿದ ಭಾಗ ಇದೆ. ಹತ್ತಿರದಲ್ಲೇ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಕಟ್ಟಿಗೆಯ ಕಾಲುದಾರಿ. ಅತ್ತೆಯವರೂ ಆರಾಮಾಗಿ ನಡೆಯಬಹುದು. ಹೊಳೆಯಲ್ಲಿ ದೋಣಿ. ಅಲ್ಲಿಂದ ಒಂದು ಬೆಳಿಗ್ಗೆ ಮುರುಡೇಶ್ವರಕ್ಕೆ ಹೋಗಿ, 123 ಅಡಿ ಶಿವನ ಮೂರ್ತಿ ನೋಡಿ ವಾಪಸ್ ಬಂದರೆ ಸಾಕು.

ಮಾವನವರಿಗೆ ಕರಾವಳಿಯಲ್ಲೂ ಕೆಲಸ ಇದೆ. ಕುಮಟಾ ದಾಟಿ ಗೋಕರ್ಣದ ದಿಕ್ಕಿಗೆ ಮಿರ್ಜಾನ್ ಕೋಟೆ. ಕೆಂಪು ಜಂಬಿಟ್ಟಿಗೆಯ ಗೋಡೆ, ಮಳೆ ಮುಗಿದ ಹೊತ್ತಿಗೆ ಪೂರ್ತಿ ಪಾಚಿಯ ಹಸಿರು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕೋಟೆ ಅಂತ ಹೇಳುತ್ತಾರೆ. ಪೋರ್ಚುಗೀಸರು ಅವಳಿಗೆ ಮೆಣಸಿನ ರಾಣಿ ಅಂತ ಹೆಸರಿಟ್ಟಿದ್ದರು.

ಒಂದು ಎಚ್ಚರಿಕೆ, ಇದನ್ನು ಅಣ್ಣನವರಿಗೂ ಓದಿಸಿ. ಅಕ್ಟೋಬರಿನಲ್ಲಿ ಕಡಲಿನ ಸೆಳೆತ ಪೂರ್ತಿ ಇಳಿದಿರುವುದಿಲ್ಲ. ಮೇಲೆ ಶಾಂತ ಕಾಣುತ್ತದೆ, ಕಾಲಿನ ಕೆಳಗಿನ ಮರಳನ್ನು ಎಳೆಯುತ್ತದೆ. ನಮ್ಮ ಕಡೆಯ ಜನ ಕೆರೆ, ಬಾವಿಯಲ್ಲಿ ಈಜು ಕಲಿತವರು, "ನನಗೆ ಈಜು ಬರುತ್ತದೆ" ಅಂತ ಇಳಿಯುತ್ತಾರೆ. ಕಡಲಿಗೆ ಆ ಈಜು ಸಾಲದು. ಮೊಣಕಾಲಿನವರೆಗೆ ಮಾತ್ರ. ಕೆಂಪು ಬಾವುಟ ಇದ್ದರೆ ಅದೂ ಬೇಡ. ಲೈಫ್‌ಗಾರ್ಡ್ ಸೀಟಿ ಊದಿದರೆ ವಾದ ಮಾಡದೆ ಹೊರಗೆ ಬನ್ನಿ.

ಸುಮ್ನೆ ಓದುವವ
ಇದು ಪುರಿಗೂ ಸೇರಿ ಎಲ್ಲ ಕಡಲಿಗೂ. ಅಲ್ಲಿಯೂ ಸೆಳೆತ ಜೋರು. ಅದಕ್ಕೇ ಅಲ್ಲಿ ನೂಲಿಯಾ ಅನ್ನುವ ಮೀನುಗಾರರು ಜನರ ಕೈ ಹಿಡಿದು ಸ್ನಾನ ಮಾಡಿಸುತ್ತಾರೆ.

ಬಿಸಿಲೂರ ಅಕ್ಕ
ತಂಗೀ, ಇಷ್ಟೊಂದು ಬರೆದಿದ್ದೀ, ಥ್ಯಾಂಕ್ಸ್ ಅಂದರೆ ಸಾಲದು. ಎರಡು ಸಣ್ಣ ಪ್ರಶ್ನೆ. ನಾವು ಮನೆಯಲ್ಲಿ ಮೀನು, ಮಾಂಸ ತಿನ್ನುವುದಿಲ್ಲ. ಅಲ್ಲಿ ಊಟಕ್ಕೆ ಏನು? ರೆಸಾರ್ಟ್ ಹೇಗೆ ಆರಿಸುವುದು? ಫೋಟೋದಲ್ಲಿ ಎಲ್ಲವೂ ಚಂದ ಕಾಣುತ್ತವೆ.

ಕಡಲತಡಿಯ ಸೊಸೆ
ಊಟದ ಚಿಂತೆ ಬೇಡ. ಹೊನ್ನಾವರ, ಕುಮಟಾದಲ್ಲಿ ಸಸ್ಯಾಹಾರಿ ಹೋಟೆಲು ಬೇಕಾದಷ್ಟು. ಬೆಳಿಗ್ಗೆ ಬನ್ಸ್, ಅವಲಕ್ಕಿ, ಮಧ್ಯಾಹ್ನ ಅನ್ನ, ತಂಬುಳಿ, ಕೋಕಂ ಸಾರು. ಎಲ್ಲದಕ್ಕೂ ಕಾಯಿ ಇರುತ್ತದೆ, ಖಾರ ಕಮ್ಮಿ. ನಮ್ಮ ಕಡೆಯವರ ನಾಲಿಗೆಗೆ ಎರಡನೇ ದಿನ ಸಪ್ಪೆ ಅನ್ನಿಸುತ್ತದೆ. ಶೇಂಗಾ ಹಿಂಡಿ, ಕಟಕ ರೊಟ್ಟಿ ತನ್ನಿ. ಅನ್ನ ಕೇಳುವಾಗ ಬೆಳ್ತಿಗೆ ಅನ್ನಿ, ಇಲ್ಲದಿದ್ದರೆ ಕುಚ್ಚಲಕ್ಕಿ ಬರಬಹುದು.

ರೆಸಾರ್ಟಿಗೆ ಫೋನ್ ಮಾಡಿ ಮೂರು ಮಾತು ಕೇಳಿ. ಕಡಲು ರೂಮಿನಿಂದ ಕಾಣುತ್ತದೋ ಇಲ್ಲ ಚಾವಣಿ ಹತ್ತಿದರೆ ಕಾಣುತ್ತದೋ? ನಡುವೆ ಹೆದ್ದಾರಿ ಇದೆಯಾ? ನೆಲಮಹಡಿಯ ರೂಮು, ಪಾಶ್ಚಾತ್ಯ ಕಮೋಡು ಇದೆಯಾ? ನಮ್ಮ ನೆಂಟರೊಬ್ಬರು ಕಡಲು ಕಾಣುವ ರೂಮು ಅಂತ ಜಾಸ್ತಿ ದುಡ್ಡು ಕೊಟ್ಟು ಬಂದು, ಬಚ್ಚಲುಮನೆಯ ಕಿಟಕಿಯಿಂದ ಕಡಲು ನೋಡಿದರು.

ಶಹಾಪುರ ಸ್ಟ್ಯಾಂಡ್
ವಾಪಸ್ ಬರುವುದರ ಬಗ್ಗೆ ಯಾರೂ ಹೇಳಲಿಲ್ಲ. ಹೊನ್ನಾವರದಿಂದ ಕಲಬುರಗಿಗೆ ಒಂದೇ ದಿನ ಓಡಿಸಬೇಡಿ. ಘಟ್ಟ ಹತ್ತಿ ಹುಬ್ಬಳ್ಳಿಯಲ್ಲಿ ರಾತ್ರಿ ನಿಲ್ಲಿ. ಬಾದಾಮಿ ಎರಡು ರಾತ್ರಿ, ಹೊನ್ನಾವರ ಮೂರು, ಹುಬ್ಬಳ್ಳಿ ಒಂದು. ವಾರ ಸರಿಹೋಯಿತು. ಬಾಡಿಗೆ ಗಾಡಿ ಆದರೆ ಡ್ರೈವರ್ ಬತ್ತೆ, ರಾತ್ರಿ ಮಲಗುವ ವ್ಯವಸ್ಥೆ ಮೊದಲೇ ಮಾತಾಡಿಕೊಳ್ಳಿ. ಘಟ್ಟದಲ್ಲಿ ಓಡಿಸಿದವನೇ ಬೇಕು ಅನ್ನಿ.

ಟಿಕೆಟ್ ಖರ್ಚು ಅಂಥದ್ದೇನಿಲ್ಲ. ಪಟ್ಟದಕಲ್ಲಿಗೆ ತಲೆಗೆ 40 ರೂಪಾಯಿ, ವಿಶ್ವ ಪರಂಪರೆ ತಾಣ ಅಂತ. ಬಾದಾಮಿ, ಗೋಲ ಗುಮ್ಮಟಕ್ಕೆ ಅದಕ್ಕಿಂತ ಕಮ್ಮಿ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ಯಾದಗಿರಿ ಕೋಟೆ
ಹಾಗಾದರೆ ಮಹಾಬಲಿಪುರ ಕೈಬಿಟ್ಟ ಹಾಗೇ. ಆ ಬೆಕ್ಕನ್ನಾದರೂ ಮಕ್ಕಳಿಗೆ ಫೋಟೋದಲ್ಲಿ ತೋರಿಸಿ.

ಬಿಸಿಲೂರ ಅಕ್ಕ
ಮನೆಯಲ್ಲಿ ಕೂತು ಮಾತಾಡಿದೆವು. ಬಾದಾಮಿ, ಹೊನ್ನಾವರವೇ ಪಕ್ಕಾ. ಅತ್ತೆ ಪಟ್ಟದಕಲ್ಲು ಸಪಾಟು ಅಂದಕೂಡಲೇ ಒಪ್ಪಿದರು. ಯಜಮಾನರು ಗಾಡಿಗೆ ಹೇಳಿದ್ದಾರೆ. ಮಕ್ಕಳು ಕೊಡಪಾನದಷ್ಟು ಮರಳು ತುಂಬಿಕೊಂಡು ಬರುತ್ತೇವೆ ಅಂತಿದ್ದಾರೆ.

ಆದರೆ ಮಾವ ಧೌಲಿ ಬಿಡುತ್ತಿಲ್ಲ. "ಬಾದಾಮಿಗೆ ಬರ್ತೀನಿ, ಆದರೆ ಜನವರಿಯಲ್ಲಿ ನನ್ನನ್ನ ಒಬ್ಬನನ್ನೇ ಕಳಿಸ್ರಿ" ಅಂತ ಕೂತಿದ್ದಾರೆ. ಎಪ್ಪತ್ತು ದಾಟಿದವರನ್ನು ಅಷ್ಟು ದೂರ ಒಬ್ಬರನ್ನೇ ಹೇಗೆ ಕಳಿಸಲಿ?

ಚಿತ್ತಾಪುರದ ಮಾಸ್ತರ
ಒಬ್ಬರೇ ಯಾಕೆ? ನಾನೂ ರಿಟೈರ್ ಆದವನೇ. ನಾನೂ ಧೌಲಿ ನೋಡಿಲ್ಲ, ಓದಿದ್ದಷ್ಟೇ. ಜೊತೆ ಇಲ್ಲ ಅಂತ ಮುಂದೂಡುತ್ತಾ ಬಂದಿದ್ದೇನೆ. ಅವರಿಗೆ ಅಡ್ಡಿ ಇಲ್ಲದಿದ್ದರೆ ಇಬ್ಬರೂ ಹೋಗಿ ಬರುತ್ತೇವೆ. ಮೊದಲು ಒಂದು ದಿನ ಇಬ್ಬರೂ ಸನ್ನತಿಗೆ ಹೋಗಿ ಬರೋಣ. ಅಲ್ಲೇ ಗೊತ್ತಾಗುತ್ತದೆ, ಜೊತೆಗೆ ಅಷ್ಟು ದೂರ ಹೋಗಲು ಆಗುತ್ತದೋ ಇಲ್ಲವೋ ಅಂತ.

ವಾಡಿ ಜಂಕ್ಷನ್
ಅಂತೂ ನನ್ನ ರೈಲಿಗೆ ಇಬ್ಬರಾದರೂ ಸಿಕ್ಕರು!

ಮಾಸ್ತರೇ, ಟಿಕೆಟ್ ಬಗ್ಗೆ ಗಮನ ಕೊಡಿ. ಈಗ 60 ದಿನ ಮೊದಲಷ್ಟೇ ಬುಕಿಂಗ್ ತೆರೆಯುತ್ತದೆ, ಹಿಂದಿನ ಹಾಗೆ 120 ದಿನ ಅಲ್ಲ. ಹಿರಿಯರ ಕೋಟಾದಲ್ಲಿ ಹಾಕಿ, 60 ದಾಟಿದ ಗಂಡಸರಿಗೆ ಕೆಳಗಿನ ಬರ್ತ್ ಇರುತ್ತದೆ. ಅದು ಒಂದು ಟಿಕೆಟ್ಟಿನಲ್ಲಿ ಒಬ್ಬರು ಇಲ್ಲವೇ ಇಬ್ಬರು ಹಿರಿಯರಷ್ಟೇ ಇದ್ದರೆ ಮಾತ್ರ. ಮನೆಮಂದಿಯ ಜೊತೆ ಸೇರಿಸಿ ತೆಗೆಸಿದರೆ ಆ ಕೋಟಾ ಸಿಗುವುದಿಲ್ಲ. ನೀವಿಬ್ಬರೇ ಅಂದರೆ ಸರಿಯಾಗಿ ಕೂರುತ್ತದೆ. ದರದಲ್ಲಿ ರಿಯಾಯಿತಿ ಮಾತ್ರ 2020ರಿಂದ ಇಲ್ಲ.

ಎರಡು ರಾತ್ರಿ ಭುವನೇಶ್ವರ. ಧೌಲಿ, ಆಮೇಲೆ ಉದಯಗಿರಿಯ ಹಾಥಿಗುಂಫಾ ಗುಹೆಯಲ್ಲಿ ಕಳಿಂಗದ ರಾಜ ಖಾರವೇಲನ ಶಾಸನ. ಆಮೇಲೆ ಕೋಣಾರ್ಕ್ ನೋಡಿಕೊಂಡು ಪುರಿಗೆ ಹೋಗಿ ಉಳಿಯಿರಿ. ಕೋಣಾರ್ಕದ ಮುಖ್ಯ ಶಿಖರ ಬಿದ್ದು ಎಷ್ಟೋ ಕಾಲವಾಯಿತು, ಈಗ ಕಾಣುವುದು ಮುಂದಿನ ಮಂಟಪ. ಅದು ಬೀಳದಿರಲಿ ಅಂತ ಬ್ರಿಟಿಷರು 1900ರ ದಶಕದ ಶುರುವಿನಲ್ಲಿ ಒಳಗೆ ಮರಳು ತುಂಬಿಸಿ ಬಾಗಿಲು ಮುಚ್ಚಿದರು. ಮೊದಲೇ ಗೊತ್ತಿದ್ದರೆ ಒಳಗೆ ಹೋಗಲಿಲ್ಲ ಅಂತ ಬೇಜಾರಾಗುವುದಿಲ್ಲ.

ಬಿಸಿಲೂರ ಅಕ್ಕ
ಮಾಸ್ತರೇ, ಮಾವ ಪಕ್ಕದಲ್ಲೇ ಕೂತು ಓದಿಸಿಕೊಂಡರು. ಸನ್ನತಿಗೆ ಯಾವ ದಿನ ಅಂತ ಕೇಳುತ್ತಿದ್ದಾರೆ. ನಿಮ್ಮ ನಂಬರು ಖಾಸಗಿ ಸಂದೇಶದಲ್ಲಿ ಕಳಿಸಿ, ಅವರೇ ಫೋನ್ ಮಾಡುತ್ತಾರೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಅವರಿಗೆ ಸಕ್ಕರೆ ಇದೆ. ಪುರಿಯಲ್ಲಿ ಖಾಜಾ ಕಂಡರೆ ನೀವೇ ತಡೆಯಬೇಕು.

ಚಿತ್ತಾಪುರದ ಮಾಸ್ತರ
ಬುಧವಾರ ಆಗಬಹುದು ಅಂತ ಹೇಳಿ. ಸಕ್ಕರೆ ನನಗೂ ಇದೆ ತಂಗೀ, ನಮ್ಮಿಬ್ಬರನ್ನೂ ತಡೆಯಲು ಮೂರನೆಯವರು ಬೇಕು. ವಾಡಿಯವರು ಬರುತ್ತಾರೇನು ಕೇಳಿ.